ವಿಠ್ಠಲವಾಡಿಯ ಕಾಯಿಲ್ ವಾಮನಣ್ಣ

ತಂತಿಯ ಸುತ್ತು ಎಣಿಸಲು ಕೂತರೆಂದರೆ ವಾಮನಣ್ಣ ದೇವರು ಬಂದು ಕರೆದರೂ ಓಗೊಡುವವರಲ್ಲ. ಎಡಗೈ ಎತ್ತಿದರೆ ತಡಿ ಎಂದರ್ಥ. ಗಿರಾಕಿ ಕಾಯಬೇಕು, ಫೋನು ಬಡಕೊಳ್ಳಬೇಕು, ತುಳುವಿನ ಎಣಿಕೆ ಮಾತ್ರ ನಿಲ್ಲಕೂಡದು. ಮೂಲ್ಕಿಯಿಂದ ಬಂದು ವಿಠ್ಠಲವಾಡಿ ಸ್ಟೇಷನ್ ಹತ್ತಿರ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟವರು. ಒಂದು ಸುತ್ತು ತಪ್ಪಿತೆಂಬ ಅನುಮಾನ ಬಂದರೂ ಪೂರಾ ಬಿಚ್ಚಿ ಮತ್ತೆ ಶುರು ಮಾಡುತ್ತಿದ್ದರು. ನಮ್ಮ ಆಫೀಸಿನ ಮೋಟರುಗಳೆಲ್ಲ ಅವರಲ್ಲಿಗೇ ಹೋಗುತ್ತಿದ್ದವು. ನನಗೋ ಹುಟ್ಟಿನಿಂದಲೇ ತಾಳ್ಮೆಯಿಲ್ಲ.

ಅವರ ಅಂಗಡಿಗೆ ಓಡಿದ ಆ ದಿನವಂತೂ ಇರಲೇ ಇಲ್ಲ. ಸಾನಪಾಡಾದ ಒಂದು ವಸತಿ ಸೊಸೈಟಿಗೆ ನೀರಿನ ಪಂಪು ತಾನಾಗಿ ನಡೆಯುವ ಬೋರ್ಡನ್ನು ನಾನೇ ಮಾಡಿಕೊಟ್ಟಿದ್ದೆ, ಕೆಲಸಕ್ಕೆ ಸೇರಿದ ಮೇಲೆ ನನ್ನ ಮೊದಲ ಬೋರ್ಡು. ಪಂಪನ್ನು ಚಾಲೂ-ಬಂದ್ ಮಾಡುವ ಸ್ವಿಚ್ಚಾದ ರಿಲೇಗೆ ಕರೆಂಟು ಬಿಡುವ ಟ್ರಾನ್ಸಿಸ್ಟರು ಮೂರು ಸಲ ಸುಟ್ಟಿತ್ತು. ಸೊಸೈಟಿಯ ನೀರಿನ ಟಾಕಿ ಖಾಲಿ. ಇನ್ನೊಮ್ಮೆ ಕೆಟ್ಟರೆ ಬೋರ್ಡೂ ಬೇಡ, ನೀನೂ ಬೇಡ ಎಂದು ನಮ್ಮ ಮ್ಯಾನೇಜರ್ ಹೇಳಿಯಾಗಿತ್ತು. ಮೈಸೂರಿನ ಡಿಗ್ರಿ ಹೊತ್ತುಕೊಂಡು ಬಂದವಳು ನಾನು, ಪೆದ್ದಿಯ ಹಾಗೆ ಪ್ರತಿಸಲ ಇನ್ನೂ ದಪ್ಪ ಟ್ರಾನ್ಸಿಸ್ಟರ್ ಹಾಕಿದ್ದೇ ಹಾಕಿದ್ದು.

ಎಣಿಕೆ ಮುಗಿಸಿ, ನನ್ನ ಗೋಳೆಲ್ಲ ಕೇಳಿ, ವಾಮನಣ್ಣ ಒಂದೇ ಮಾತು ಕೇಳಿದರು: “ಚಾಲೂ ಮಾಡುವಾಗ ಹೋಗುವುದಾ, ಬಂದ್ ಮಾಡುವಾಗ ಹೋಗುವುದಾ?”

ನಾನು ನೋಡಿರಲೇ ಇಲ್ಲ. ಕರೆಂಟು ನುಗ್ಗುವಾಗಲೇ ತಾನೇ ಸುಡಬೇಕು, ಎಂದುಕೊಂಡಿದ್ದೆ.

ಅವರು ತಂತಿ ಸುತ್ತಿದ ದೊಡ್ಡದೊಂದು ಸುರುಳಿ, ಕಾಯಿಲ್, ತೆಗೆದು, ಅದರ ಎರಡು ತುದಿಗಳಿಗೆ ಟೆಸ್ಟರಿನೊಳಗಿನ ಪುಟ್ಟ ದೀಪ ಕಟ್ಟಿದರು. ಗೋಡೆ ಗಡಿಯಾರದ ಸೆಲ್ ಮುಟ್ಟಿಸಿದರು. ದೀಪ ಸುಮ್ಮನಿತ್ತು, ಅಷ್ಟು ಸಣ್ಣ ಸೆಲ್ಲಿಗೆ ಅದು ಹೊತ್ತುವುದೂ ಇಲ್ಲ. ಆಮೇಲೆ ಸೆಲ್ಲಿನ ತಂತಿ ಕಿತ್ತರು ನೋಡಿ, ದೀಪ ಪಕ್ಕನೆ ಮಿಂಚಿತು.

“ನೋಡು ಮಾರಾಯ್ತಿ, ಕಾಯಿಲ್ ಕರೆಂಟನ್ನು ಒಮ್ಮೆಲೇ ಏರ್ಲಿಕ್ಕೂ ಬಿಡುದಿಲ್ಲ, ಒಮ್ಮೆಲೇ ನಿಲ್ಲಲಿಕ್ಕೂ ಬಿಡುದಿಲ್ಲ. ದಾರಿ ಕಡಿದ್ರೆ ವೋಲ್ಟೇಜ್ ಏರಿಸಿ ನುಗ್ತದೆ. ಟ್ರಾನ್ಸಿಸ್ಟರ್ ದಪ್ಪ ಇದ್ದು ಎಂತ ಪ್ರಯೋಜನ? ಅದಕ್ಕೆ ಹೋಗ್ಲಿಕ್ಕೆ ಒಂದು ದಾರಿ ಕೊಡು.”

ರಿಲೇಯೊಳಗೆ ಇರುವುದೂ ಕಾಯಿಲ್ಲೇ ಅಲ್ಲವೇ! ಅದರ ತುದಿಗಳಿಗೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಒಂದನ್ನು ಉಲ್ಟಾ ದಿಕ್ಕಿನಲ್ಲಿ ಹಾಕಿದರೆ, ಬಂದ್ ಮಾಡಿದಾಗ ಮಿಕ್ಕ ಕರೆಂಟು ಅಲ್ಲೇ ಸುತ್ತಿ ಇಳಿದುಹೋಗುತ್ತದೆ. ಪರೀಕ್ಷೆಯಲ್ಲಿ ಇದನ್ನೇ ಬರೆದು ಅಂಕ ಗಿಟ್ಟಿಸಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಮರುದಿನ ವಾಮನಣ್ಣ ಅಂಗಡಿಗೆ ಬೀಗ ಹಾಕಿ ಸಾನಪಾಡಾಕ್ಕೆ ನನ್ನ ಜೊತೆಗೇ ಬಂದರು. ಡಯೋಡ್ ಹಾಕಿದೆ. ಪಂಪು ಚಾಲೂ, ಬಂದ್, ಮತ್ತೆ ಚಾಲೂ, ಮತ್ತೆ ಬಂದ್. ಇಪ್ಪತ್ತು ಸಲವಾದರೂ ಟ್ರಾನ್ಸಿಸ್ಟರ್ ತಣ್ಣಗೆ ಕೂತಿತ್ತು. ಸೊಸೈಟಿಯ ಸೆಕ್ರೆಟರಿ ಬಂದು ವಾಮನಣ್ಣನ ಕೈ ಕುಲುಕಿ, ನಿಮ್ಮಿಂದ ಉಳಿದೆವು ಎಂದರು. ಇವರು ಕೈ ಬಿಡಿಸಿಕೊಂಡು ತಮ್ಮ ಹಿಂದಿಯಲ್ಲಿ ಹೇಳಿದರು: “ಬೋರ್ಡ್ ಇಸ್ಕಾ ಹೈ. ಮೈ ಖಾಲೀ ಪೂಛಾ.” ಬೋರ್ಡು ಇವಳದು, ನಾನು ಬರೀ ಕೇಳಿದ್ದು. ನಮ್ಮ ಮ್ಯಾನೇಜರ್ ಪಕ್ಕದಲ್ಲೇ ನಿಂತು ಕೇಳುತ್ತಿದ್ದರು.

ನಾನು ಅವರನ್ನು ಕಂಡದ್ದು ಅದೇ ಕೊನೆ. ಆ ಮಳೆಗಾಲದಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ಸುದ್ದಿ ಕೇಳಿ ಲೋಕಲ್ ರೈಲಿನಲ್ಲಿ ನಿಂತೇ ಅತ್ತೆ. ಆದರೆ ಈಗ ಅವರನ್ನು ನೆನೆದರೆ ಅಳು ಬರುವುದಿಲ್ಲ. ಆ ದಿನ ಸೊಸೈಟಿಯ ನಾಲ್ಕನೇ ಮಹಡಿಯ ಬಾಲ್ಕನಿಯಿಂದ ಯಾರೋ ಹೆಂಗಸು “ಪಾಣಿ ಆಲಂ”, ನೀರು ಬಂತು, ಎಂದು ಇಡೀ ಕಟ್ಟಡಕ್ಕೇ ಕೇಳುವಂತೆ ಕೂಗಿದ್ದು, ವಾಮನಣ್ಣ ನಗುತ್ತಾ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟದ್ದು, ಅದೇ ಕಣ್ಣಿಗೆ ಕಟ್ಟುತ್ತದೆ.