ಸಿದ್ದರಾಮಪ್ಪನವರು ಹಿಂದಕ್ಕೆ ಪಡೆದ ಮೋಡ

ನಮ್ಮ ಆಕಾಶಗಂಗೆಯ ಸುತ್ತ ಜಲಜನಕದ ಮೋಡಗಳಿವೆ. ಕಣ್ಣಿಗೆ ಕಾಣದ ಅವು ರೇಡಿಯೊ ಅಲೆಗಳಲ್ಲಿ ಮಾತ್ರ ಪತ್ತೆಯಾಗುತ್ತವೆ. ಕೆಲವಂತೂ ಊಹೆಗೆ ಮೀರಿದ ವೇಗದಿಂದ ನಮ್ಮತ್ತ ಧಾವಿಸುತ್ತಿರುತ್ತವೆ. ಅಂಥವನ್ನು ಮುಂಬಯಿ ಉಪನಗರದ ಒಂದು ಸಂಶೋಧನಾ ಸಂಸ್ಥೆಯ ಟೆರೇಸಿನಲ್ಲಿದ್ದ ಡಿಶ್ ಆಂಟೆನಾದಿಂದ, ಲೋಕಲ್ ಗಾಡಿಗಳ ಕಿಡಿ ಎಬ್ಬಿಸುವ ಗದ್ದಲದ ನಡುವೆ, ತಾಳ್ಮೆಯೊಂದನ್ನೇ ನೆಚ್ಚಿಕೊಂಡು ಹುಡುಕಿದವರು ಶ್ರೀ ಸಿದ್ದರಾಮಪ್ಪನವರು. ಇಪ್ಪತ್ತೆರಡು ವರ್ಷ ಅನ್ಯರ ಸಂಶೋಧನೆಗೆ ಯಂತ್ರಗಳನ್ನು ಅಣಿಗೊಳಿಸಿದ ಅವರ ಹೆಸರು ಅಚ್ಚಾಗುತ್ತಿದ್ದುದು ಕೃತಜ್ಞತೆಯ ಸಾಲಿನಲ್ಲಿ ಮಾತ್ರ.

೧೯೭೧ರಲ್ಲಿ ಬಿ.ಎಸ್ಸಿ. ಮುಗಿಸಿ, ಕುರ್ಲಾದ ಚಾಳಿನಿಂದ ಲೆಕ್ಕದ ತಾತ್ಕಾಲಿಕ ಸಹಾಯಕಿಯಾಗಿ ಬಂದವಳು ಜುಬೇದಾ, ಅಂದರೆ ಈ ಲೇಖಕಿ. ಯಾರೆದುರೂ ಬುತ್ತಿ ಬಿಚ್ಚಲಾರದೆ ಅವಳು ಬೀರುವಿನ ಹಿಂದೆ ನಿಂತು ಉಣ್ಣುತ್ತಿದ್ದಳು. ಅದು ಸಿದ್ದರಾಮಪ್ಪನವರ ಕಣ್ಣಿಗೆ ಬಿತ್ತು. ಮರುದಿನದಿಂದ ಒಂದು ಗಂಟೆ ಹೊಡೆದರೆ ಸಾಕು, "ಡಿಶ್ ನೋಡ್ಕೊಂಡು ಬರ್ತೀನವಾ" ಎಂದು ಕೋಣೆಯನ್ನು ಅವಳಿಗೆ ಬಿಟ್ಟು, ಅರ್ಧ ಗಂಟೆ ಬಿಸಿಲಲ್ಲಿ ನಿಂತಿರುತ್ತಿದ್ದರು.

೧೯೭೪ರ ಫೆಬ್ರವರಿಯ ಬೆಳಗುಗಳಲ್ಲಿ ಕಾಗದದ ಸುರುಳಿಯ ಮೇಲೆ ಯಂತ್ರದ ಲೇಖನಿ ಒಂದು ಸಣ್ಣ ಉಬ್ಬನ್ನು ಬರೆಯಿತು. ಇಂಥ ಉಬ್ಬಿನಿಂದ ಮೋಡದ ವೇಗ ತಿಳಿಯಬೇಕಾದರೆ ನಮ್ಮ ಭೂಮಿಯದೇ ಓಟವನ್ನು ಲೆಕ್ಕದಿಂದ ಕಳಚಬೇಕು. ಜುಬೇದಾ ಲೆಕ್ಕ ಹಾಕಿದಳು. ಅವರು ತಾಳೆ ನೋಡಿ ಸಹಿ ಮಾಡಿದರು. ಸೆಕೆಂಡಿಗೆ ನೂರೆಂಟು ಕಿಲೋಮೀಟರು! ಪ್ರಬಂಧ ಸಿದ್ಧವಾಯಿತು. ಜನವರಿಗೆ ನಿವೃತ್ತರಾಗಲಿದ್ದವರ ಹೆಸರು ಮೊದಲ ಬಾರಿಗೆ ಶೀರ್ಷಿಕೆಯ ಕೆಳಗೆ ಬಂದಿತ್ತು.

"ಎಂತ ಸಾರ್, ನಿಮ್ಮ ಮೋಡದಿಂದ ಮಳೆ ಉಂಟಾ?" ಎಂದು ಕ್ಯಾಂಟೀನಿನ ಚೆನ್ನಯ ಛೇಡಿಸುತ್ತಿದ್ದ.

"ಮಳಿ ಇಲ್ಲೋ, ಶಿರಾ ಐತಿ. ಅಚ್ಚಾಗ್ಲಿ, ಎಲ್ಲಾರಿಗೂ ನಂದs."

ಕಳುಹಿಸುವ ಮುನ್ನ ಇನ್ನೊಮ್ಮೆ ನೋಡಬೇಕೆಂಬುದು ಅವರದೇ ನಿಯಮ. ಆಗಸ್ಟಿನ ಸಂಜೆಗಳಲ್ಲಿ ಅದೇ ದಿಕ್ಕನ್ನು ನೋಡಿದಾಗ, ಜುಬೇದಾಳ ಹಾಳೆಯಲ್ಲಿ ಮೋಡ ಹೆಚ್ಚುಕಡಿಮೆ ನಿಂತೇಬಿಟ್ಟಿತ್ತು. ಆರು ತಿಂಗಳಲ್ಲಿ ಯಾವ ಮೋಡವೂ ಹಾಗೆ ನಿಲ್ಲದು. ಆ ಅವಧಿಯಲ್ಲಿ ದಿಕ್ಕು ಬದಲಿಸಿದ್ದು ಭೂಮಿ ಮಾತ್ರ. ಭೂಮಿಯ ಓಟವನ್ನು ಕೂಡಿಸಬೇಕಾದಲ್ಲಿ ಅವಳು ಕಳೆದಿದ್ದಳು, ಕಳೆಯಬೇಕಾದಲ್ಲಿ ಕೂಡಿಸಿದ್ದಳು. ಸರಿಪಡಿಸಿದರೆ ಎರಡೂ ತಿಂಗಳಿಗೆ ಒಂದೇ ಉತ್ತರ: ಐವತ್ತೆರಡು. ಎಷ್ಟೋ ಮೊದಲೇ ಇತರರು ಗುರುತಿಸಿದ್ದ, ಸಾಮಾನ್ಯ ವೇಗದ ಅನಿಲ.

ಮೂರು ದಿನ ಅವಳು ಅದನ್ನು ಡೈರಿಗಷ್ಟೇ ಹೇಳಿಕೊಂಡಳು. ವಿದೇಶದ ವಿಳಾಸ ಬರೆದ ಲಕೋಟೆ ಅವರ ಮೇಜಿನ ಮೇಲಿತ್ತು; ದಾಟುವಾಗೊಮ್ಮೆ ಅವರು ಅದರ ಅಂಚನ್ನು ನೇರ ಮಾಡುತ್ತಿದ್ದರು. ನಾಲ್ಕನೆಯ ದಿನ ಎರಡೂ ಹಾಳೆಗಳನ್ನು ಅವರೆದುರಿಗಿಟ್ಟು ನಿಂತಳು.

ಅವರು ಬಹಳ ಹೊತ್ತು ಓದಿದರು. ಕನ್ನಡಕ ತೆಗೆದರು.

"ಉಂಡೀಯೇನವಾ?"

"ಇಲ್ರೀ ಸರ್. ತಪ್ಪು ನಂದೈತ್ರೀ."

"ಲೆಕ್ಕ ನಿಂದು, ಸಹಿ ನಂದು. ಸಹಿ ಮಾಡಿದಾವಂದs ತಪ್ಪು. ಹೋಗು, ಉಣ್ಣು ಮೊದಲು."

ಆ ತಿಂಗಳು ಅವಳ ಕೆಲಸ ಮುಂದುವರಿಯಬೇಕೋ ಬೇಡವೋ ಎಂಬುದು ತೀರ್ಮಾನವಾಗಬೇಕಿತ್ತು. ಪ್ರಬಂಧವನ್ನು ಹಿಂದಕ್ಕೆ ಪಡೆಯುವುದಾಗಿ ಸಂಸ್ಥೆಗೆ ಬರೆದ ಪತ್ರದೊಂದಿಗೆ ಅವರು ಲೆಕ್ಕವನ್ನೆಲ್ಲ ತಮ್ಮ ಕೈಯಲ್ಲೇ ಹೊಸ ಹಾಳೆಗೆ ಇಳಿಸಿದರು. 'ತಾಳೆ ನೋಡಿದವರು' ಎಂಬಲ್ಲಿ ಸಹಿ ಮಾಡಿ, 'ಲೆಕ್ಕ ಮಾಡಿದವರು' ಎಂಬಲ್ಲಿ ಜಾಗ ಖಾಲಿ ಬಿಟ್ಟರು. ಅವಳ ಕೆಲಸ ಉಳಿಯಿತು. ಚೆನ್ನಯ ಮಳೆಯ ಮಾತು ಮತ್ತೆ ಎತ್ತಲಿಲ್ಲ.

ಬೀಳ್ಕೊಡುಗೆಯ ದಿನ ಒಬ್ಬರು, "ಕೊನೆಗಾಲಕ್ಕೆ ಸಾಹೇಬರ ಕೂಡೋದು ಕಳೆಯೋದು ತಪ್ಪಿತು" ಎಂದು ನಗೆಯಾಡಿದರು. ಸಭೆ ನಕ್ಕಿತು, ಅವರೂ ನಕ್ಕರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಜುಬೇದಾ ಎರಡು ಬಾರಿ ಎದ್ದು ನಿಲ್ಲಬೇಕೆಂದುಕೊಂಡಳು. ಏಳಲಿಲ್ಲ.

ಇಂದಿಗೂ ಭಾನುವಾರಗಳಂದು ಅವಳು ಅವರ ಮನೆಗೆ ಒಯ್ಯುವ ಲೆಕ್ಕದ ಹಾಳೆಗಳನ್ನು ಪೂಜ್ಯರು ಪೆನ್ಸಿಲ್ ಹಿಡಿದು ಸಾಲುಸಾಲಾಗಿ ನೋಡುತ್ತಾರೆ. ಆದರೆ ಸಹಿ ಮಾತ್ರ ಮಾಡುವುದಿಲ್ಲ. ಆ ಕಣ್ಣಿನ ಚುರುಕು ಬಹುಕಾಲ ಉಳಿಯಲಿ, ಆ ಪೆನ್ಸಿಲ್ಲಿಗೆ ಕೆಲಸ ತಪ್ಪದಿರಲಿ, ಅವರು ನೂರು ಫೆಬ್ರವರಿಗಳನ್ನು ಕಾಣಲಿ. ಅವರು ಖಾಲಿ ಬಿಟ್ಟ ಜಾಗವನ್ನು, ಅಂದು ಸಭೆಯಲ್ಲಿ ಎದ್ದು ನಿಲ್ಲದವಳು, ಅವರ ಅನುಮತಿ ಕೇಳದೆ ಇಲ್ಲಿ ತುಂಬುತ್ತಾಳೆ.

ಲೆಕ್ಕ ಮಾಡಿದವರು: ಜುಬೇದಾ.