ಅಪ್ಪನ ಪಡಿಯಚ್ಚು

ನಮ್ಮ ಬಸ್ ನಿಲ್ದಾಣಕ್ಕೆ ಬಂದವರೆಲ್ಲ ಮೈಕಕ್ಕನ ದನಿ ಕೇಳಿದ್ದಾರೆ. ಮುಖ ನೋಡಿದವರು ಕಡಿಮೆ. ವಿಚಾರಣೆ ಕೌಂಟರಿನ ಗಾಜಿನ ಹಿಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಂನಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗುವುದು ಅವಳ ಕೆಲಸ. ಪಕ್ಕದ ಪಾಸ್ ಕೌಂಟರಿನಲ್ಲಿ ನಾನು. ನಮ್ಮಿಬ್ಬರ ನಡುವೆ ಒಂದು ಪ್ಲೈವುಡ್ ಅಡ್ಡಗೋಡೆ, ಅದೂ ಎದೆಮಟ್ಟದ್ದು. ಇಷ್ಟು ವರ್ಷ ಪಕ್ಕದಲ್ಲೇ ಕೂತು ಅವಳ ಬಗ್ಗೆ ನಾನು ತಿಳಿದುಕೊಂಡದ್ದು ಎಷ್ಟು ಕಡಿಮೆ ಎಂದು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅವಳ ಮೇಲೂ ಬರುತ್ತದೆ.

ಪ್ರತಿ ಬಸ್ಸನ್ನೂ ಅವಳು ಮೂರು ಸಲ ಕೂಗುತ್ತಿದ್ದಳು. ನಿಯಮದ ಪ್ರಕಾರ ಎರಡೇ ಸಲ. ಮೂರನೆಯದು ಅವಳ ಸ್ವಂತ ಸೇರ್ಪಡೆ: ಬೆಂಚಿನ ಮೇಲೆ ನಿದ್ದೆಹೋದವರಿಗೆ, ನೀರು ತರಲು ಹೋದವರಿಗೆ, ಮಾತಿನಲ್ಲಿ ಮೈಮರೆತವರಿಗೆ. ಯಾಕೆ ಸುಮ್ಮನೆ ಗಂಟಲು ಹರಿದುಕೊಳ್ಳುತ್ತೀರಿ ಎಂದು ಮ್ಯಾನೇಜರರು ಕೇಳಿದರೂ ಬಿಡಲಿಲ್ಲ. ಯಾರಿಗೂ ಬಸ್ಸು ತಪ್ಪಬಾರದು ಎನ್ನುವುದು ಅವಳ ಹಟ.

ಅವಳಪ್ಪ ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದುವ ಕೆಲಸದಲ್ಲಿದ್ದರು. ನಲವತ್ತು ದಾಟಿದ ಮೇಲೆ ಅವರ ನಡಿಗೆ ಕೆಟ್ಟಿತು. ಕಾಲು ಅಗಲಿಸಿಕೊಂಡು ಅತ್ತಿತ್ತ ತೂಗಾಡುತ್ತಾ ನಡೆಯುತ್ತಿದ್ದರು. ಆಮೇಲೆ ಮಾತು ತೊದಲಿತು, ಆಮೇಲೆ ಲೋಟ ಬಾಯಿಗೆ ಹೋಗದೆ ಕೆನ್ನೆಗೆ ಹೋಯಿತು. ಜೀವಮಾನದಲ್ಲಿ ಒಂದು ಹನಿ ಮುಟ್ಟದ ಮನುಷ್ಯನನ್ನು ಬೀದಿಯ ಜನ ಕುಡುಕ ಅಂದರು. ಯಾರೋ ದೂರು ಕೊಟ್ಟು ಕೆಲಸವೂ ಹೋಯಿತು. ಅವರ ತಂದೆಗೂ ಅಕ್ಕನಿಗೂ ಇದೇ ಆಗಿತ್ತು. ಮನೆಯಲ್ಲಿ ಅದಕ್ಕೆ 'ತೂಗು' ಎಂದೇ ಹೆಸರು.

ಮನೆಯವರು ತಮ್ಮಷ್ಟಕ್ಕೆ ತಾವೇ ಒಂದು ಲೆಕ್ಕಾಚಾರ ಕಟ್ಟಿಕೊಂಡಿದ್ದರು. ತೂಗು ಬಂದವರ ಮುಖ ಯಾರಿಗೆ ಬರುತ್ತದೋ ತೂಗೂ ಅವರಿಗೇ ಬರುತ್ತದೆ. ಅಜ್ಜನ ಮುಖ ಅಪ್ಪನಿಗೂ ಅವರಕ್ಕನಿಗೂ ಇತ್ತಲ್ಲ, ಸಾಕ್ಷಿ ಇನ್ನೇನು ಬೇಕು? ಮೈಕಕ್ಕ ಅಪ್ಪನ ಪಡಿಯಚ್ಚು. ಅದೇ ಉದ್ದ ಮೂಗು, ಅದೇ ಅಂಟಿಕೊಂಡ ಕಿವಿ, ನಗುವಾಗ ಎಡಗಣ್ಣು ಅರ್ಧ ಮುಚ್ಚುವುದೂ ಅದೇ. ಅವಳಣ್ಣನದು ತಾಯಿಯ ದುಂಡು ಮುಖ. ಹಾಗಾಗಿ ಅಣ್ಣ ಬಚಾವು, ತಂಗಿ ಇಲ್ಲ ಎಂದು ಅವಳು ಲಂಗ ಹಾಕುತ್ತಿದ್ದ ಕಾಲಕ್ಕೇ ತೀರ್ಮಾನವಾಗಿಹೋಯಿತು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ತಾಯಿ ತಲೆ ಬಾಚುವಾಗ ಗಲ್ಲ ಹಿಡಿದೆತ್ತಿ ಮುಖ ನೋಡಿ ನಿಟ್ಟುಸಿರು ಬಿಡುತ್ತಿದ್ದರಂತೆ, ಅಷ್ಟೆ. ಅಣ್ಣನಿಗೆ ಮದುವೆಯಾಯಿತು, ಮಗಳು ಹುಟ್ಟಿದಳು. ತಂಗಿಯ ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ.

ಕೂತು ಮಾಡುವ ಕೆಲಸ ಎಂದೇ ಅವಳು ಇದನ್ನು ಆರಿಸಿಕೊಂಡಿದ್ದು. ಧ್ವನಿವರ್ಧಕದಲ್ಲಿ ತನ್ನ ದನಿಯನ್ನು ತಾನೇ ಕಿವಿಗೊಟ್ಟು ಕೇಳುತ್ತಿದ್ದಳು, ಎಲ್ಲಾದರೂ ತೊದಲುತ್ತಿದೆಯೇ ಎಂದು. ಕೆಲಸ ಮುಗಿಸಿ ಹೋಗುವಾಗ ಪ್ಲಾಟ್‌ಫಾರಂನ ಟೈಲ್ಸ್ ನಡುವಿನ ಗೆರೆ ಹಿಡಿದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ, ಗೇಟಿನವರೆಗೆ ನಡೆಯುತ್ತಿದ್ದಳು. ನಾನು "ಸರ್ಕಸ್ಸಿಗೆ ಸೇರ್ತೀಯೇನೇ?" ಎಂದು ರೇಗಿಸುತ್ತಿದ್ದೆ. ಅವಳು ಎಡಗಣ್ಣು ಮುಚ್ಚಿ ನಗುತ್ತಿದ್ದಳು. ಅವಳು ದಿನಾ ತನ್ನ ಕಾಲನ್ನು ತಾನೇ ಪರೀಕ್ಷೆಗೆ ಕೂರಿಸುತ್ತಿದ್ದಾಳೆ ಎಂದು ನನಗೇನು ಗೊತ್ತು?

ಸಂಜೆಯ ಬಸ್ಸಿನ ಡ್ರೈವರ್ ಒಬ್ಬ ಇದ್ದ. ಒಳ್ಳೆಯವನು, ಮಾತು ಕಡಿಮೆ. ಒಂದು ದಿನ ಮೈಕಕ್ಕನ ಗಾಜಿನ ಕಿಂಡಿಯ ಹತ್ತಿರ ಬಾಗಿ, ತನ್ನನ್ನು ಮದುವೆ ಆಗುತ್ತೀಯಾ ಎಂದು ಕೇಳಿದ. ಇಷ್ಟ ಇಲ್ಲ ಅಂದಳು. ಕಾರಣ ಹೇಳಲಿಲ್ಲ. ಅವನು ಬೇರೆ ಕಡೆ ಮದುವೆಯಾದ. ಅವನು ನಿವೃತ್ತನಾಗುವವರೆಗೂ ದಿನಾ ಅವನ ಬಸ್ಸನ್ನು ಮೂರು ಸಲ ಕೂಗಿ ಕಳಿಸಿದಳು. ನಾನು ಅವಳಿಗೆ ಜಂಬ ಎಂದುಕೊಂಡಿದ್ದೆ, ಮುಖಕ್ಕೆ ಹೇಳಿಯೂ ಇದ್ದೆ.

ಅಷ್ಟರಲ್ಲಿ ತೂಗು ಶುರುವಾದದ್ದು ಅಣ್ಣನಿಗೆ. ಮೊದಲು ಚಪ್ಪಲಿ ಸರಿಯಿಲ್ಲ ಅಂದ, ಆಮೇಲೆ ಕನ್ನಡಕ ಸರಿಯಿಲ್ಲ ಅಂದ, ಕೊನೆಗೆ ಗೋಡೆ ಹಿಡಿದು ನಡೆದ. ತಾಯಿಯ ಮುಖದವನಿಗೆ ಇದು ಹೇಗೆ ಬಂತೆಂದು ಮನೆಯವರು ಕಕ್ಕಾಬಿಕ್ಕಿಯಾದರು. ಡಾಕ್ಟರು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ವಂಶದಲ್ಲಿ ಹರಿದು ಬರುವ ಕಾಯಿಲೆಗಳ ಬಗ್ಗೆ ಕೂರಿಸಿ ತಿಳಿಸಿ ಹೇಳುವುದಕ್ಕೇ ಒಂದು ಕೋಣೆ ಇದೆ, ಅದಕ್ಕೆಂದೇ ಓದಿದ ಒಬ್ಬ ಮೇಡಂ ಇದ್ದಾರೆ. ಅಣ್ಣ ಒಬ್ಬನೇ ಹೋಗಲು ಹೆದರಿದ. ತಂಗಿ ಜೊತೆಗೆ ಹೋದಳು.

ಮೇಡಂ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆದು, ತೂಗು ಬಂದವರದಕ್ಕೆ ಶಾಯಿ ತುಂಬುತ್ತಾ ವಂಶವನ್ನೆಲ್ಲ ಹಾಳೆಯ ಮೇಲೆ ಇಳಿಸಿದರು. ಮೈಕಕ್ಕ ಬಗ್ಗಿ ನೋಡುತ್ತಿದ್ದವಳು ಕೇಳಿದಳು: "ಯಾರು ಯಾರನ್ನ ಹೋಲ್ತಾರೆ ಅನ್ನೋದನ್ನ ಎಲ್ಲಿ ಬರೀತೀರಿ?"

ಮೇಡಂ ಪೆನ್ನು ಕೆಳಗಿಟ್ಟರು. "ಅದನ್ನ ಬರೆಯೋದೇ ಇಲ್ಲಮ್ಮ. ಮುಖಕ್ಕೂ ಈ ಕಾಯಿಲೆಗೂ ಸಂಬಂಧ ಇಲ್ಲ. ನಿಮಗೂ ಅಷ್ಟೇ, ನಿಮ್ಮಣ್ಣನಿಗೂ ಅಷ್ಟೇ, ಹುಟ್ಟುವಾಗ ಇದ್ದದ್ದು ಅರ್ಧಕ್ಕರ್ಧ ಸಾಧ್ಯತೆ."

ತಿಳಿದುಕೊಳ್ಳಲೇಬೇಕೆಂದೇನಿಲ್ಲ, ಬೇಡ ಎನ್ನುವವರೂ ಇದ್ದಾರೆ, ಅದೂ ಸರಿಯೇ, ಆತುರಪಡಬೇಡಿ ಎಂದೂ ಮೇಡಂ ಹೇಳಿದರಂತೆ. ಹೋಗಿ ಬಂದು, ಯೋಚಿಸಿ, ಮೈಕಕ್ಕ ಕೊನೆಗೆ ರಕ್ತ ಕೊಟ್ಟಳು. ಫಲಿತಾಂಶ ಕೇಳಲು ಜೊತೆಗೆ ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದಿದ್ದರು. ಅವಳ ಜೊತೆಗಿದ್ದದ್ದು ಅಣ್ಣ, ಅವನು ತನ್ನದನ್ನು ಕೇಳಲು ಬಂದವನು. ಒಬ್ಬೊಬ್ಬರನ್ನೇ ಒಳಗೆ ಕರೆದರು. ಅಣ್ಣನಿಗೆ ಇದೆ. ಅವಳಿಗೆ ಇಲ್ಲ. "ಸರಿಯಾಗಿ ನೋಡಿದೀರಾ?" ಎಂದಷ್ಟೇ ಅವಳು ಕೇಳಿದ್ದು. ಹೊರಗೆ ಗೋಡೆಯ ಕಂಬಿ ಹಿಡಿದು ನಿಂತಿದ್ದ ಅಣ್ಣ, ನಿನ್ನದು ಏನಾಯಿತು ಎಂದ. ಆಮೇಲೆ ಹೇಳುತ್ತಾರಂತೆ ಅಂದುಬಿಟ್ಟಳು. ಆ 'ಆಮೇಲೆ' ಎರಡು ವರ್ಷ ಬೆಳೆಯಿತು.

ಇಲ್ಲ ಎಂದು ಕೇಳಿದವರಿಗೂ ಕಷ್ಟವಾಗುತ್ತದೆ, ಬಂದು ಮಾತಾಡಿ ಎಂದು ಮೇಡಂ ಫೋನ್ ಮಾಡಿದರು. ಅವಳು ಹೋಗಲಿಲ್ಲ. ಆದರೆ ಇಂಥ ಮನೆಗಳವರು ತಿಂಗಳಿಗೊಮ್ಮೆ ಆಸ್ಪತ್ರೆಯ ಹಾಲಿನಲ್ಲಿ ಸೇರುತ್ತಾರಲ್ಲ, ಅಲ್ಲಿಗೆ ಅಣ್ಣನನ್ನು ತಪ್ಪದೆ ಕರೆದೊಯ್ಯುತ್ತಿದ್ದಳು. ಎರಡು ಹಿಡಿಯ ಲೋಟ ಎಲ್ಲಿ ಸಿಗುತ್ತದೆ, ಬಚ್ಚಲಲ್ಲಿ ಕಂಬಿ ಎಷ್ಟು ಎತ್ತರಕ್ಕೆ ಹಾಕಿಸಬೇಕು, ಕುಡುಕ ಅಂದವರಿಗೆ ಏನು ಉತ್ತರ ಕೊಡಬೇಕು, ಇಂಥವೇ ಮಾತು. ನಡುವೆ ಯಾರಾದರೂ ನಿಮಗೂ ಶುರುವಾಗಿದೆಯಾ ಎಂದು ಕೇಳಿದರೆ, ಇನ್ನೂ ಇಲ್ಲ ಅನ್ನುತ್ತಿದ್ದಳು. ಇದ್ದವರ ನಡುವೆ ಅವಳು ಇಲ್ಲದವಳು. ಇಲ್ಲದವರ ನಡುವೆ ಬಾಯಿಬಿಡಲಾಗದವಳು. ಕಾಯಿಲೆ ಬರುತ್ತದೆ ಎಂದಿದ್ದಾಗ ಅದಕ್ಕೆ ಅಣಿಯಾಗುವುದಾದರೂ ಅವಳಿಗೊಂದು ಕೆಲಸವಾಗಿತ್ತು. ಈಗ ಅದೂ ಇಲ್ಲ. ಅವಳಷ್ಟು ಒಂಟಿಯಾದವರನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ನನಗೆ ತಿಳಿದದ್ದು ಅಣ್ಣನ ಮಗಳು ಬ್ಯಾಗು ಹಿಡಿದು ಕೌಂಟರಿಗೆ ಬಂದ ಸಂಜೆ ಮತ್ತು ಅದರ ನಂತರ. ಅವಳನ್ನು ನೋಡಿದರೆ ಯಾರೂ ಯಾರೆಂದು ಕೇಳಬೇಕಾಗಿಲ್ಲ. ಅದೇ ಮೂಗು, ಅದೇ ಕಿವಿ. ದೂರದ ಊರಲ್ಲಿ ಕೆಲಸ ಸಿಕ್ಕಿದೆ, ಸಂಜೆಯ ಬಸ್ಸಿಗೆ ಹೊರಟಿದ್ದೇನೆ, ಅಲ್ಲೇ ಇದ್ದುಬಿಡುತ್ತೇನೆ ಅಂದಳು. ಅವಳನ್ನು ಮೆಚ್ಚಿದ ಹುಡುಗನೊಬ್ಬನಿದ್ದ, ಎರಡೂ ಮನೆಯವರು ಒಪ್ಪಿದ್ದರು. ಅವನ ಕಥೆ ಏನಾಯಿತು ಎಂದು ಮೈಕಕ್ಕ ಕೇಳಿದಳು.

"ಇಷ್ಟ ಇಲ್ಲ ಅಂದೆ ಅತ್ತೆ. ನನ್ನ ಮುಖ ನೋಡು. ತಾತಂದು, ನಿಂದು. ಅಜ್ಜಿ ಮುಖ ಇಟ್ಕೊಂಡು ಹುಟ್ಟಿದ ಅಪ್ಪನನ್ನೇ ಬಿಡ್ಲಿಲ್ಲ ಅಂದ್ಮೇಲೆ ನನ್ನನ್ನ ಬಿಡತ್ತಾ? ನೀನು ಒಬ್ಳೇ ಇದ್ದು ಎಷ್ಟು ಚೆನ್ನಾಗಿ ನಿಭಾಯಿಸಿದೀಯ. ನಾನೂ ನಿನ್ನ ಹಾಗೇ ಇದ್ಬಿಡ್ತೀನಿ."

ಪಾಸಿಗೆ ಮುದ್ರೆ ಒತ್ತುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಅಷ್ಟರಲ್ಲಿ ಸಂಜೆಯ ಬಸ್ಸು ಬಂದು ಪ್ಲಾಟ್‌ಫಾರಂನಲ್ಲಿ ನಿಂತಿತು. ಮೈಕಕ್ಕ ತಿರುಗಿ, ಸ್ವಿಚ್ ಒತ್ತಿ, ಮೊದಲ ಸಲ ಕೂಗಿದಳು. ದನಿ ಎಂದಿನಂತೆಯೇ ಇತ್ತು. ಮೈಕು ಆರಿಸಿ ಈ ಕಡೆ ತಿರುಗಿದಳು.

"ಪುಟ್ಟಿ, ನನಗೆ ಆ ಕಾಯಿಲೆ ಇಲ್ಲ."

"ಇನ್ನೂ ಬಂದಿಲ್ಲ ಅನ್ನು."

"ಬರೋದೂ ಇಲ್ಲ. ಪರೀಕ್ಷೆ ಆಗಿದೆ. ಯಾವತ್ತೂ ಇರ್ಲಿಲ್ಲ."

ಹುಡುಗಿ ಬ್ಯಾಗು ಕೆಳಗಿಟ್ಟಳು. "ಮತ್ತೆ ಮದುವೆ ಯಾಕೆ ಬೇಡ ಅಂದೆ?"

"ಕನ್ನಡಿ ನೋಡ್ಕೊಂಡು."

ಮೈಕಿಲ್ಲದೆ ಅವಳು ಅಷ್ಟು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಎಂದೂ ಕೇಳಿರಲಿಲ್ಲ. "ನಿನಗೆ ಇರಬಹುದು, ಇಲ್ಲದೇನೂ ಇರಬಹುದು. ಅದನ್ನ ಮೂಗು ಹೇಳಲ್ಲ. ಆ ಮೇಡಂ ಹತ್ರ ಹೋಗು. ತಿಳ್ಕೋಬೇಕು ಅನ್ಸಿದ್ರೆ ತಿಳ್ಕೋ, ಬೇಡ ಅನ್ಸಿದ್ರೆ ಬಿಡು. ಆದ್ರೆ ಆ ಹುಡುಗನಿಗೆ ಇದ್ದದ್ದನ್ನ ಇದ್ದ ಹಾಗೆ ಹೇಳು. ಕೇಳಿ ಬೇಡ ಅಂದ್ರೆ ಅವನೇ ಅನ್ಲಿ, ಅವನ ಪರವಾಗಿ ನೀನು ಅನ್ಬೇಡ. ಚೆನ್ನಾಗಿ ನಿಭಾಯಿಸಿದೆ ಅಂದ್ಯಲ್ಲ ಪುಟ್ಟಿ, ನನಗೆ ಬರದೇ ಇರೋ ಕಾಯಿಲೇನ ನಾನು ಇಷ್ಟು ವರ್ಷ ಒಬ್ಳೇ ಅನುಭವಿಸಿದೀನಿ. ಚೆನ್ನಾಗಿರ್ಲಿಲ್ಲ."

ಗೊತ್ತಾದಾಗ ಯಾರ ಹತ್ತಿರ ಹೇಳಿಕೊಂಡೆ ಎಂದು ಹುಡುಗಿ ಮೆಲ್ಲಗೆ ಕೇಳಿದಳು.

"ಈಗ ನಿನ್ನ ಹತ್ರ ಹೇಳ್ತಿದೀನಲ್ಲ."

ಗೋಡೆಯ ಈಚೆ ಇದ್ದ ನನಗೆ ಅದು ಕಪಾಳಕ್ಕೆ ಬಿದ್ದ ಹಾಗಾಯಿತು. ಹುಡುಗಿ ಫೋನ್ ತೆಗೆದುಕೊಂಡು ಹೊರಗೆ ಹೋದಳು. ಕಂಬದ ಮರೆಯಲ್ಲಿ, ಬಸ್ಸಿಗೆ ಬೆನ್ನು ಹಾಕಿ, ಒಂದು ಕಿವಿಗೆ ಫೋನು, ಇನ್ನೊಂದಕ್ಕೆ ಅಂಗೈ ಒತ್ತಿಕೊಂಡು ಮಾತಾಡತೊಡಗಿದಳು. ಮೈಕಕ್ಕ ಎರಡನೆಯ ಸಲ ಕೂಗಿದಳು. ಹುಡುಗಿಗೆ ಕೇಳಿಸಲಿಲ್ಲ. ಡ್ರೈವರ್ ಹಾರ್ನ್ ಹೊಡೆದ. ಮೂರನೆಯ ಸಲ ಕೂಗುವ ಹೊತ್ತು. ಮೈಕಕ್ಕ ಸ್ವಿಚ್ಚಿನ ಮೇಲೆ ಬೆರಳಿಟ್ಟು, ಗಾಜಿನಾಚೆ ಆ ಬೆನ್ನನ್ನೇ ನೋಡಿದಳು. ಬೆರಳು ತೆಗೆದು ಕೈಯನ್ನು ಮಡಿಲಿಗೆ ಹಾಕಿಕೊಂಡಳು. ಬಸ್ಸು ಹಿಂದಕ್ಕೆ ಸರಿದು, ತಿರುಗಿ, ಗೇಟು ದಾಟಿ ಹೋಯಿತು.

ನೀರಿನ ಬಾಟಲಿ ಹಿಡಿದು ಓಡಿಬಂದ ಒಬ್ಬಾತ, ಕೊನೆಯ ಸಲ ಕೂಗಲೇ ಇಲ್ಲವೆಂದು ಜಗಳಕ್ಕೆ ನಿಂತ. ನಿಯಮದ ಪ್ರಕಾರ ಎರಡೇ ಸಲ, ಬೇಕಾದರೆ ದೂರು ಕೊಡಿ ಎಂದು ನಾನೇ ಅವನ ಬಾಯಿ ಮುಚ್ಚಿಸಿದೆ. ಅವನು ಹೋದ ಮೇಲೆ ಗೋಡೆಯ ಮೇಲಿಂದ ಬಗ್ಗಿ, ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿಯೇ ಬಿಟ್ಟೆ.

"ಹೇಳಿದ್ರೆ ನೀನು ಸಂತೋಷ ಪಡ್ತಿದ್ದೆ," ಅಂದಳು. "ನನಗೆ ಆಗ್ತಿರ್ಲಿಲ್ಲ."

ಕತ್ತಲಾಗುವಷ್ಟರಲ್ಲಿ ಆ ಹುಡುಗ ಬಂದ. ಇಬ್ಬರೂ ಬೆಂಚಿನ ಮೇಲೆ ಕೂತು ತಲೆ ತಗ್ಗಿಸಿ ಮಾತಾಡುತ್ತಿದ್ದರು. ಮೈಕಕ್ಕ ಕೆಲಸ ಮುಗಿಸಿ, ಅವರ ಹಿಂದಿನಿಂದಲೇ, ಕರೆಯದೆ, ಸದ್ದು ಮಾಡದೆ ದಾಟಿ ಹೋದಳು. ಟೈಲ್ಸಿನ ಗೆರೆ ಬಂದದ್ದೇ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯತೊಡಗಿದಳು. ನನಗೆ ತಡೆಯಲಾಗಲಿಲ್ಲ. ಇನ್ನಾದರೂ ಅದನ್ನು ಬಿಡೇ ಎಂದು ಹಿಂದಿನಿಂದ ಕೂಗಿದೆ.

ಅವಳು ತಿರುಗಿ ನೋಡಲಿಲ್ಲ. "ಕಾಲಿಗೆ ಇನ್ನೂ ಹೇಳಿಲ್ಲ ಕಣೇ," ಅಂದಳು, ಮತ್ತು ಗೇಟಿನವರೆಗೂ ಗೆರೆ ತಪ್ಪದೆ ನಡೆದಳು.