ಮೂಗಿಲ್ಲದವಳ ಬೆನ್ನು ಹತ್ತಿದ ವೆಂಕೋಬರಾಯರು

ಹೊಸಪೇಟೆ ಸ್ಟೇಷನ್ನಿನ ಗೂಡ್ಸ್ ಗುಮಾಸ್ತ ವೆಂಕೋಬರಾಯರು ಇಡೀ ಭೂಮಂಡಲವನ್ನು ಗೆದ್ದು ಚಿತ್ತವಾಡ್ಗಿಯ ತಮ್ಮ ಪಡಸಾಲೆಗೆ ತಂದು ಕೂಡಿಸಲು ಹೊರಟ ವೀರರು. ಸೈನ್ಯವಿರಲಿಲ್ಲ, ಹಡಗಿರಲಿಲ್ಲ, ಸೋದರತ್ತೆ ಗೋದಾಬಾಯಿ ಹಾಕಿದ ಮಾವಿನ ಉಪ್ಪಿನಕಾಯಿ ಇತ್ತು. ಸೊಂಡೂರಿನ ಮ್ಯಾಂಗನೀಸ್ ಗಣಿಯ ಪರದೇಶಿ ಸಾಹೇಬರು ಊರು ಬಿಡುವಾಗ ಸಾಮಾನು ಕಳಿಸಲು ಸ್ಟೇಷನ್ನಿಗೇ ಬರಬೇಕಲ್ಲ. ಪೆಟ್ಟಿಗೆಯಲ್ಲಿ ಹಿಡಿಸದ ಹಳೆಯ ಗೊಂಬೆಯೋ ಮುಖವಾಡವೋ ರಾಯರಿಗೆ, ಒಂದು ಭರಣಿ ಉಪ್ಪಿನಕಾಯಿ ಸಾಹೇಬರಿಗೆ. ಸಾಹೇಬರು ಅದನ್ನು ತಿಂದು ಬದುಕಿದರೋ ಇಲ್ಲವೋ, ವರದಿ ಬಂದಿಲ್ಲ.

ಲೋಕವನ್ನು ಗೆದ್ದರೂ ರಾಯರು ಮನೆಯಲ್ಲಿ ಸೋತರು. ಶತಮಾನದ ಕಿಲುಬು ಹೊದ್ದ ಟಿಬೇಟಿನ ಹಿತ್ತಾಳೆ ದೀಪವನ್ನು ಅತ್ತೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ನಿನ್ನೆ ಅಂಗಡಿಯಿಂದ ತಂದದ್ದರ ಹಾಗೆ ಮಾಡಿಟ್ಟರು. ಆಫ್ರಿಕದ ಮುಖವಾಡ ಬದನೆ ಮಡಿಯಲ್ಲಿ ದೃಷ್ಟಿಗೊಂಬೆಯಾಯಿತು. ಜಾವಾದ ತೊಗಲುಗೊಂಬೆ ತೊಗಲಿನದೆಂಬ ಅಪರಾಧಕ್ಕೆ ಕೊಟ್ಟಿಗೆಗೆ ಗಡೀಪಾರಾಗಿ ಇಲಿಗಳ ಬಾಯಿಗೆ ಬಿತ್ತು.

ಉಳಿದವಳು ಒಬ್ಬಳೇ. ಯಾವುದೋ ದ್ವೀಪದ ಜನ ದೋಣಿಯ ಮೂತಿಗೆ ಕಟ್ಟುತ್ತಿದ್ದ, ಮೊಣಕೈಯುದ್ದದ ಮರದ ಹೆಣ್ಣು. ಮೂಗು ಮುರಿದಿತ್ತು, ತಲೆ ಎಡಕ್ಕೆ ವಾಲಿತ್ತು. ಅಲೆ ನೋಡುತ್ತ ವಾಲಿದ ಆ ತಲೆಯಲ್ಲೇ ಕಲೆಯೆಲ್ಲ ಇದೆಯೆಂದು ರಾಯರು ಮನೆಗೆ ಬಂದವರಿಗೆಲ್ಲ, ಹಾಲಿನವನಿಗೂ, ಬಿಡದೆ ವಿವರಿಸುತ್ತಿದ್ದರು. ಕೆಲಸದಿಂದ ಬಂದವರು ದಿನವೂ ಕಾಫಿ ಲೋಟ ಹಿಡಿದು ಅವಳೆದುರು ಕೂತರೇ ಜೀವಕ್ಕೆ ಸಮಾಧಾನ.

ಒಂದು ಸಂಜೆ ನೋಡಿದರೆ ಗೋಡೆಯಲ್ಲಿ ಅವಳಿದ್ದ ಗೂಡು ಖಾಲಿ. ಅತ್ತೆ ಹಂಪಿಗೆ ಹೋಗಿ ಬಂದಿದ್ದರು.

"ಭಿನ್ನ ಆದ ದೇವ್ರನ್ನ ಮನ್ಯಾಗ ಇಟ್ಕೋಬಾರ್ದು. ಹೊಳಿಗೆ ಬಿಟ್ಟು ಬಂದೆ."

"ಅದು ದೇವ್ರಲ್ಲ ಅತ್ತಿ."

"ದೇವ್ರಲ್ಲಂದ್ರ ದಿನಾ ಅದ್ರ ಮುಂದ ಯಾಕ ಕುಂದರ್ತಿದ್ದಿ?"

ರಾಯರು ಕಾಫಿ ಲೋಟ ಅಲ್ಲೇ ಕುಕ್ಕಿದರು. ಹಂಪಿಗೆ ಓಡಿದರು, ಹರಗೋಲು ಹತ್ತಿ ಬಂಡೆಬಂಡೆಯ ಸಂದಿಗೂ ಕೋಲು ಹಾಕಿದರು. ಸಿಕ್ಕದ್ದು ಯಾರದೋ ಚಪ್ಪಲಿ. ಅಷ್ಟು ದೊಡ್ಡ ಊರೇ ಮೂಗು, ಕೈ, ಸೊಂಡಿಲು ಮುರಿದುಕೊಂಡು ನಿಂತಿರುವಾಗ ತಮ್ಮವಳೊಬ್ಬಳನ್ನೇ ನೀರಿಗೆ ಹಾಕಬೇಕಿತ್ತೇ ಎಂದು ಅವರು ಹಲ್ಲು ಕಡಿದರು.

ಮಳೆಗಾಲ ಕಳೆದ ಮೇಲೆ ಬೆಲ್ಲದ ಮೂಟೆ ಬುಕ್ ಮಾಡಲು ಬಂದ ಕಂಪ್ಲಿಯ ವ್ಯಾಪಾರಿ ಉಜ್ಜಿನಪ್ಪ ಸಂಭ್ರಮದ ಸುದ್ದಿ ಹೇಳಿದ. ತಮ್ಮೂರಿಗೆ ಹೊಳೆಯಲ್ಲಿ ತೇಲುತ್ತ ಅಮ್ಮ ಬಂದಿದ್ದಾಳೆ, ಮೂಗಿರಲಿಲ್ಲ, ಊರವರು ಬೆಳ್ಳಿಯದು ಮಾಡಿಸಿದ್ದಾರೆ. ರಾಯರು ರಜೆ ಚೀಟಿ ಬರೆದಿಟ್ಟು ಕಂಪ್ಲಿಗೆ ದಂಡೆತ್ತಿ ಹೋದರು.

ಹೊಳೆದಂಡೆಯ ಬೇವಿನ ಬುಡದಲ್ಲಿ ಅವಳೇ. ಮೈತುಂಬ ಅರಿಶಿನ, ಹಸಿರು ಸೀರೆ, ಬೆಳ್ಳಿ ಮೂಗಿಗೊಂದು ನತ್ತು. ಪೂಜೆ ಮಾಡುವ ತಾಯಕ್ಕನಿಗೆ ರಾಯರು ದ್ವೀಪ, ದೋಣಿ, ಸಾಹೇಬ, ಉಪ್ಪಿನಕಾಯಿ ಎಲ್ಲವನ್ನೂ ಬಿಡಿಸಿ ಹೇಳಿದರು. ಆಕೆ ಸಮಾಧಾನದಿಂದ ಕೇಳಿಸಿಕೊಂಡಳು.

"ನಿಮ್ಮಾಕಿ ಆಗಿದ್ರ ಹೊಳಿಗೆ ಯಾಕ ಬಿಟ್ರಿ ಸ್ವಾಮಿ?"

"ಮೂಗು ಮುರಿದಿತ್ತಂತ ನಮ್ಮತ್ತಿ…"

"ಮೂಗಿಲ್ಲಂತ ಬಿಟ್ರಿ. ನಾವು ಮೂಗು ಮಾಡಿಸಿದ್ವಿ, ಈಗ ಬೇಕಾದ್ಲು." ಸುತ್ತಲಿದ್ದವರು ಕಿಸಕ್ಕೆಂದರು. ತಾಯಕ್ಕನಿಗೇ ಕನಿಕರ ಬಂತು. "ಹೂ ಕೇಳೂಣ್ರಿ. ಬಲಕ್ಕ ಕೊಟ್ರ ಒಯ್ರಿ, ಯಾರೂ ಅಡ್ಡ ಬರಂಗಿಲ್ಲ. ಎಡಕ್ಕ ಕೊಟ್ರ ಸುಮ್ನ ಹೋಗ್ರಿ."

ಅಮ್ಮನ ನೆತ್ತಿಯ ಮೇಲೆ ಕಣಗಿಲ ಹೂವಿಟ್ಟರು. ಹಾಲಿನವನಿಗೂ ಬಿಡದೆ ವಿವರಿಸಿದ ಆ ವಾಲಿದ ತಲೆ ರಾಯರಿಗೆ ಆಗ ನೆನಪಾಯಿತು. ಎಡಕ್ಕೆ. ದೇವರಲ್ಲವೆಂದು ವಾದಿಸಿದ ಅದೇ ಮರದ ತುಂಡಿಗೆ ಕಣ್ಣು ಮುಚ್ಚಿ, ಮನೆದೇವರಿಗೂ ಮುಗಿಯದಷ್ಟು ಭಕ್ತಿಯಿಂದ ಕೈಮುಗಿದರು. ಕಣ್ಣು ಬಿಟ್ಟಾಗ ಹೂವು ಎಡಗಡೆ ಬಿದ್ದಿತ್ತು. ಜನ ಉಘೇ ಎಂದರು. ರಾಯರ ಕೈಗೆ ತೆಂಗಿನಕಾಯಿಯ ಹೋಳು ಬಂತು.

ಅಮ್ಮನ ಕೀರ್ತಿ ಚಿತ್ತವಾಡ್ಗಿಗೂ ಮುಟ್ಟಿತು. ಕರೆದುಕೊಂಡು ಹೋಗೆಂದು ಗೋದಾಬಾಯಿ ಹಟ ಹಿಡಿದರು. ಹಣ್ಣುಕಾಯಿಯ ಬುಟ್ಟಿ ಹೊತ್ತು ರಾಯರು ಮತ್ತೆ ಕಂಪ್ಲಿಗೆ ಬಂದರು. ಅತ್ತೆ ಉಡಿ ತುಂಬಿದರು, ಗಲ್ಲ ಬಡಿದುಕೊಂಡರು, ಅವಳ ಮುಖದಿಂದ ಕಣ್ಣು ಕೀಳದೆ ನಿಂತರು. ಈಗಾದರೂ ಗುರುತು ಹತ್ತಿತೇನೋ ಎಂದು ರಾಯರು ಬುಟ್ಟಿ ಕೆಳಗಿಟ್ಟು ಅತ್ತೆಯ ಮಗ್ಗುಲಿಗೆ ಸರಿದರು.

"ಎಷ್ಟು ಲಕ್ಷಣ ಅದಾಳೋ ವೆಂಕೋಬಾ," ಎಂದರು ಅತ್ತೆ. "ಮನಿಗೆ ತಂದ್ರ ಇಂಥಾದ್ದು ತರಬೇಕು. ನೀ ಬರೇ ಮುರುಕು ತರ್ತಿ."